ಹತ್ತು ನಿಮಿಷ ಓಡಿ ನಿಲ್ಲುವ ಮಕ್ಕಳ ಎಟಿವಿ: ಎಂಜಿನ್ ಬಿಚ್ಚಿಸಬೇಕಾ?

ಕಬ್ಬಿನಗದ್ದೆ, ಮಂಡ್ಯ · ಶನಿವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಕೆರಗೋಡು ಕಡೆ. ಯುಗಾದಿಗೆ ಬಂದ ಭಾವ, ಬೆಂಗಳೂರಲ್ಲಿ ಯಾರೋ ಮಾರುತ್ತಿದ್ದ ಮಕ್ಕಳ ಎಟಿವಿಯನ್ನು (ಗದ್ದೆ, ಮಣ್ಣಿನಲ್ಲಿ ಓಡಿಸುವ ನಾಲ್ಕು ದಪ್ಪ ಚಕ್ರದ ಗಾಡಿ) ಟೆಂಪೋದಲ್ಲಿ ಹಾಕಿಕೊಂಡು ಬಂದು ನಮ್ಮ ಕಣದಲ್ಲಿ ಇಳಿಸಿ ಹೋದರು. 110 ಸಿಸಿ. ಗೇರ್ ಇಲ್ಲ, ಮುಂದೆ, ನ್ಯೂಟ್ರಲ್, ರಿವರ್ಸ್ ಅಷ್ಟೇ. ಕಿಕ್ಕರ್ ಕೂಡ ಇಲ್ಲ, ಬರೀ ಸೆಲ್ಫು. ಸ್ಟಿಕರ್ ಕಿತ್ತುಹೋಗಿದೆ, ಯಾವ ಕಂಪನಿ ಅಂತ ಕೇಳಬೇಡಿ. ಭಾವನಿಗೂ ಗೊತ್ತಿಲ್ಲ.

ಮಗನಿಗೆ ಹನ್ನೆರಡು ವರ್ಷ. ಕಬ್ಬು ಕಡಿದ ಗದ್ದೆಯಲ್ಲಿ ಓಡಿಸುತ್ತಾನೆ. ಎರಡು ತಿಂಗಳು ಚೆನ್ನಾಗಿತ್ತು. ಈಗ ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ, ಹತ್ತು ಹನ್ನೆರಡು ನಿಮಿಷ ಓಡುತ್ತದೆ, ಆಮೇಲೆ ಕೆಮ್ಮಿ ಕೆಮ್ಮಿ ನಿಂತುಹೋಗುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್! ಟೌನಿನ ಒಬ್ಬ ಮೆಕ್ಯಾನಿಕ್ ಗಾಡಿ ಮುಟ್ಟದೆ, ಸದ್ದು ಕೇಳಿಯೇ "ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು, ಆರು ಸಾವಿರ" ಅಂದರು. ಬೋರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ. ಕೊಡೋಣವಾ, ಬೇಡವಾ?

ಪಾಂಡವಪುರ ಪ್ಯಾಸೆಂಜರ್ · ಶನಿವಾರ ರಾತ್ರಿ 9:32

ಕೊಡಬೇಡಿ ಅಣ್ಣ. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಅದರಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಧೂಳು ಮೆತ್ತಿಕೊಂಡು ಅದು ಮುಚ್ಚಿದರೆ, ಪೆಟ್ರೋಲ್ ಇಳಿದಂತೆ ಟ್ಯಾಂಕಿನೊಳಗೆ ಗಾಳಿಯಿಲ್ಲದೆ ಎಳೆತ ಹಿಡಿದು ಪೆಟ್ರೋಲ್ ನಿಂತುಹೋಗುತ್ತದೆ. ಗಾಡಿ ನಿಂತ ತಕ್ಷಣ ಮುಚ್ಚಳ ತಿರುಗಿಸಿ. "ಸುಸ್" ಅಂತ ಸದ್ದು ಬಂದು, ಕೂಡಲೇ ಸ್ಟಾರ್ಟ್ ಆದರೆ ಅದೇ ಕಾಯಿಲೆ. ನಮ್ಮ ಅಣ್ಣನ ಮಗಳ ಗಾಡಿಗೆ ಹೀಗೇ ಆಗಿತ್ತು. ಖರ್ಚು ಒಂದು ಸೂಜಿ.

ಹಳೇಜಾವಾ, ಮೈಸೂರು · ಶನಿವಾರ ರಾತ್ರಿ 10:05

ಪ್ಯಾಸೆಂಜರ್ ಹೇಳಿದ್ದು ಸರಿ, ಅಲ್ಲಿಂದಲೇ ಶುರು ಮಾಡಿ. ಆದರೆ ಬಿಸಿಯಾದ ಮೇಲೆ ನಿಲ್ಲುವ ಗಾಡಿಗೆ ಮೂರು ಕಾರಣ ಇರಬಹುದು: ಪೆಟ್ರೋಲ್ ಬರುತ್ತಿಲ್ಲ, ಕರೆಂಟ್ ಬರುತ್ತಿಲ್ಲ, ಇಲ್ಲವೇ ಒಳಗೆ ಒತ್ತಡ ನಿಲ್ಲುತ್ತಿಲ್ಲ. ಯಾವುದು ಅಂತ ಗಾಡಿಯೇ ಹೇಳುತ್ತದೆ. ಆದರೆ ನಿಂತ ಆ ಐದು ನಿಮಿಷದಲ್ಲಿ ನೋಡಬೇಕು. ತಣ್ಣಗಾದ ಮೇಲೆ ನೋಡಿದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಮೆಕ್ಯಾನಿಕ್ ಅಂಗಡಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ, ಅದಕ್ಕೇ ಅವರಿಗೆ ಸಿಗುವುದಿಲ್ಲ.

ಹಾಗಾಗಿ ಪ್ಲಗ್ ಸ್ಪ್ಯಾನರ್ ಮತ್ತು ಇನ್ನೊಂದು ಪ್ಲಗ್ ಜೇಬಲ್ಲಿಟ್ಟುಕೊಂಡು ಗದ್ದೆಗೇ ಹೋಗಿ. ನಿಂತ ತಕ್ಷಣ:

ಮುಚ್ಚಳ ಬಿಚ್ಚಿ ಸೆಲ್ಫ್ ಹೊಡೆಯಿರಿ. ಆಗಲಿಲ್ಲ ಅಂದರೆ ಕಾರ್ಬೊರೇಟರ್ ಕೆಳಗಿನ ಬಟ್ಟಲಿಗೆ ಒಂದು ಸ್ಕ್ರೂ ಇದೆ, ಸಡಿಲ ಮಾಡಿ. ಪೆಟ್ರೋಲ್ ಧಾರೆಯಾಗಿ ಸುರಿದರೆ ಪೆಟ್ರೋಲ್ ಕಡೆ ಚಿಂತೆ ಇಲ್ಲ. ಬಿಸಿ ಸೈಲೆನ್ಸರ್ ಮೇಲೆ ಬೀಳದ ಹಾಗೆ ಡಬ್ಬ ಹಿಡಿಯಿರಿ. ಸ್ಕ್ರೂ ಮತ್ತೆ ಬಿಗಿ ಮಾಡಿ, ಚೆಲ್ಲಿದ್ದನ್ನು ಒರೆಸಿ ಒಣಗಲು ಬಿಟ್ಟು, ಆಮೇಲೆ ಪ್ಲಗ್ ವೈರಿನ ಕ್ಯಾಪಿಗೆ ಜೇಬಿನ ಪ್ಲಗ್ ಸಿಕ್ಕಿಸಿ ಎಂಜಿನ್ ಮೈಗೆ ತಾಗಿಸಿ ಸೆಲ್ಫ್ ಹೊಡೆಯಿರಿ. ಎಂಜಿನ್ನಿನ ಪ್ಲಗ್ ಅದರ ಜಾಗದಲ್ಲೇ ಇರಲಿ. ನೀಲಿ ಕಿಡಿ ಚಟ್ ಚಟ್ ಅನ್ನಬೇಕು. ಕೆಂಪಗೆ ಸೋತ ಹಾಗಿದ್ದರೆ ಅಥವಾ ಕಿಡಿಯೇ ಇಲ್ಲದಿದ್ದರೆ ಸಿಡಿಐ (ಕಿಡಿಗೆ ಕರೆಂಟ್ ಕೊಡುವ ಡಬ್ಬಿ), ಕಾಯಿಲ್, ಒಳಗಿನ ಪಿಕಪ್ ಕಾಯಿಲ್ ಕಡೆ ಹೋಗೋಣ. ಇವೂ ಬಿಸಿಗೆ ಕೈಕೊಡುವ ಸಾಮಾನುಗಳೇ.

ಇನ್ನೊಂದು. ನಿಂತಾಗ ಸೆಲ್ಫ್ ಹೇಗೆ ತಿರುಗುತ್ತದೆ, ಬೆಳಿಗ್ಗೆಯ ಹಾಗೇನಾ, ಬೇರೆ ಥರಾನಾ ಅಂತ ಕಿವಿಗೊಟ್ಟು ಕೇಳಿ ಬರೆಯಿರಿ.

ಬೋಗಾದಿ ಅಮ್ಮ · ಭಾನುವಾರ ಬೆಳಿಗ್ಗೆ 7:48

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಇನ್ನೂ ಚಿಕ್ಕದು. 49 ಸಿಸಿ, ಟೂ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು. ಮಗಳಿಗೆ ಎಂಟು ವರ್ಷ, ಇಲವಾಲದ ಹತ್ತಿರ ನಮ್ಮ ಅತ್ತೆಯವರ ತೋಟದಲ್ಲಿ ಓಡಿಸುತ್ತಾಳೆ. ಹಗ್ಗ ಎಳೆದರೆ ಈಗ ಸುಮ್ನೆ ಬಂದುಬಿಡುತ್ತೆ, ಎಂಜಿನ್ ತಿರುಗುವುದೇ ಇಲ್ಲ. ನಮ್ಮನೆಯವರು ಬಾವಿಯಿಂದ ನೀರು ಸೇದುವ ಹಾಗೆ ಎಳೆಯುತ್ತಿದ್ದರು, ಅದರಿಂದಲೇ ಹೀಗಾಯಿತು ಅಂತ ನನ್ನ ಅನುಮಾನ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು ಅನ್ನುವುದರಲ್ಲೂ ಮನೆಯಲ್ಲಿ ಎರಡು ಪಕ್ಷ.

ಹಳೇಜಾವಾ, ಮೈಸೂರು · ಭಾನುವಾರ ಬೆಳಿಗ್ಗೆ 8:30

ನಿಮ್ಮ ಅನುಮಾನ ಸರಿ ಇದೆ ತಾಯಿ. ಹಗ್ಗದ ಡಬ್ಬಿ ಮೂರೋ ನಾಲ್ಕೋ ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಒಳಗೆ ಎಂಜಿನ್ನನ್ನು ಹಿಡಿಯುವ ಕೊಕ್ಕೆಗಳಿವೆ. ಅಗ್ಗದ ಗಾಡಿಗಳಲ್ಲಿ ಅವು ಪ್ಲಾಸ್ಟಿಕ್ಕು. ಮುರಿದಿರುತ್ತವೆ ಅಥವಾ ಅವುಗಳ ಸ್ಪ್ರಿಂಗ್ ಹಾರಿರುತ್ತದೆ. ರಿಪೇರಿಗೆ ಕೂರಬೇಡಿ, ಡಬ್ಬಿಯನ್ನೇ ಪೂರ್ತಿ ಬದಲಾಯಿಸಿ. ಆನ್‌ಲೈನಲ್ಲಿ ಸಿಗುತ್ತದೆ, ತೂತಿನ ಅಂತರ ಅಳೆದು ತರಿಸಿ. ಅಲ್ಯೂಮಿನಿಯಂ ಕೊಕ್ಕೆಯದು ಸಿಕ್ಕರೆ ಅದನ್ನೇ ತಗೊಳ್ಳಿ. ಹೊಸದನ್ನು ಹಾಕಿದ ಮೇಲೆ ಮೊದಲು ಮೆಲ್ಲಗೆ ಎಳೆಯಬೇಕು, ಕೊಕ್ಕೆ ಹಿಡಿದದ್ದು ಕೈಗೆ ತಿಳಿಯುತ್ತದೆ. ಆಮೇಲೆ ಒಂದು ಎಳೆತ. ವಾಪಸ್ ಬಿಡುವಾಗಲೂ ಕೈಯಲ್ಲಿ ಹಿಡಿದೇ ಬಿಡಿ.

ಆಯಿಲ್ ಲೆಕ್ಕ: ಇಂಥ 49 ಸಿಸಿಗಳಲ್ಲಿ ಬಹುತೇಕ 25ಕ್ಕೆ 1. ಅಂದರೆ ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಹೊಗೆ ಬಂದು ಪ್ಲಗ್ ಕಪ್ಪಾಗುತ್ತದೆ. ಕಚ್ಚಿಕೊಂಡ ಪಿಸ್ಟನ್‌ಗಿಂತ ಕಪ್ಪಾದ ಪ್ಲಗ್ ವಾಸಿ.

ಇನ್ನೊಂದು ಮಾತು. ಎಂಜಿನ್ ಐಡ್ಲಿಂಗಲ್ಲಿ ಇರುವಾಗ ಹಿಂದಿನ ಚಕ್ರ ಎತ್ತಿ ನೋಡಿ. ತಾನಾಗಿಯೇ ಜೋರಾಗಿ ತಿರುಗುತ್ತಿದ್ದರೆ, ಒಂದೋ ಐಡ್ಲಿಂಗ್ ಜಾಸ್ತಿ ಇಟ್ಟಿದ್ದಾರೆ, ಇಲ್ಲವೇ ಕ್ಲಚ್ಚಿನ ಸ್ಪ್ರಿಂಗ್ ಮುರಿದಿದೆ. ಅಂಥ ಗಾಡಿಗೆ ಮಗುವನ್ನು ಕೂರಿಸಬೇಡಿ. ಸ್ಟಾರ್ಟ್ ಮಾಡಿದ ಕೂಡಲೇ ಓಡುತ್ತದೆ.

ಕಬ್ಬಿನಗದ್ದೆ, ಮಂಡ್ಯ · ಭಾನುವಾರ ಮಧ್ಯಾಹ್ನ 12:20

ಗದ್ದೆಗೇ ಹೋಗಿದ್ದೆ. ಮಗ ಓಡಿಸಿದ, ನಾನು ಬದುವಿನ ಮೇಲೆ ಸ್ಪ್ಯಾನರ್ ಹಿಡಿದು ಕೂತಿದ್ದೆ. ಹೋಗುವವರು ಬರುವವರೆಲ್ಲ "ಏನ್ ಗೌಡ್ರೆ, ಕಬ್ಬು ಬಿಗಿ ಮಾಡ್ತೀರಾ" ಅಂತ ಕೇಳಿದ್ದೇ ಕೇಳಿದ್ದು.

ಸರಿಯಾಗಿ ಹನ್ನೊಂದನೇ ನಿಮಿಷಕ್ಕೆ ನಿಂತಿತು. ಮುಚ್ಚಳ ಬಿಚ್ಚಿದೆ, ಸುಸ್ ಇಲ್ಲ, ಸ್ಟಾರ್ಟೂ ಇಲ್ಲ. ಬಟ್ಟಲ ಸ್ಕ್ರೂ ಸಡಿಲಿಸಿದರೆ ಪೆಟ್ರೋಲ್ ಚೆನ್ನಾಗಿ ಸುರಿಯಿತು. ಜೇಬಿನ ಪ್ಲಗ್ಗಿನಲ್ಲಿ ಕಿಡಿ ನೀಲಿ, ದಪ್ಪ, ಸದ್ದೂ ಬಂತು.

ಸೆಲ್ಫ್ ಬಗ್ಗೆ ಕೇಳಿದ್ದಿರಿ. ವಿಚಿತ್ರ ಏನೆಂದರೆ ನಿಂತಾಗ ಸೆಲ್ಫ್ ಸಲೀಸಾಗಿ ತಿರುಗುತ್ತದೆ. ಬೆಳಿಗ್ಗೆ "ರುಯ್ಂ... ರುಯ್ಂ... ರುಯ್ಂ" ಅಂತ ದಮ್ಮು ಕಟ್ಟಿ ತಿರುಗುತ್ತದೆ. ಬಿಸಿಯಲ್ಲಿ "ರುಯ್ಯ್ಯ್" ಅಂತ ಒಂದೇ ಸಮ. ಬ್ಯಾಟರಿ ಚೆನ್ನಾಗಿದೆ ಅಂತ ಖುಷಿಪಟ್ಟೆ, ತಪ್ಪಾ?

ಸ್ಪೀಡ್ ಸಿದ್ದ · ಭಾನುವಾರ ಮಧ್ಯಾಹ್ನ 1:02

ಗುರೂ, ಆ ಕಾರ್ಬೊರೇಟರ್ ಕಿತ್ತು ಬಿಸಾಕು. ದೊಡ್ಡದು ಹಾಕಿಸು. ಸೈಲೆನ್ಸರ್ ಒಳಗೆ ಒಂದು ವಾಷರ್ ವೆಲ್ಡ್ ಮಾಡಿರುತ್ತಾರೆ, ಅದನ್ನು ತೆಗಿ. ಹೆಬ್ಬೆರಳ ಥ್ರಾಟಲ್ ಪಕ್ಕ ಇರೋ ಸ್ಕ್ರೂನೂ ಬಿಚ್ಚು. ಗಾಡಿ ಹಾರುತ್ತೆ.

ನಂಜನಗೂಡು ರಸಬಾಳೆ · ಭಾನುವಾರ ಮಧ್ಯಾಹ್ನ 1:15

ಗಾಡಿ ಹಾರಿದರೆ ಹುಡುಗನೂ ಹಾರುತ್ತಾನೆ ತಮ್ಮಾ. ಆ ಸ್ಕ್ರೂ ಇಟ್ಟಿರುವುದು ವೇಗಕ್ಕೆ ಕಡಿವಾಣ ಹಾಕಲು. ಒಳಗೆ ತಿರುಗಿಸಿದಷ್ಟೂ ಥ್ರಾಟಲ್ ಕಡಿಮೆ ತೆರೆಯುತ್ತದೆ. ಮಗು ಕಲಿತಂತೆಲ್ಲ ಅಪ್ಪ ಒಂದೊಂದೇ ಸುತ್ತು ಬಿಡಬೇಕು. ಅಮೆರಿಕದಲ್ಲಿ ಈ ಗಾಡಿಗಳನ್ನು 6 ವರ್ಷದ ಮೇಲ್ಪಟ್ಟವರಿಗೆ, 10 ವರ್ಷದ ಮೇಲ್ಪಟ್ಟವರಿಗೆ ಅಂತ ಬೇರೆ ಬೇರೆ ಮಾಡಿದ್ದಾರೆ. ಅಲ್ಲಿನ ಮಕ್ಕಳ ವೈದ್ಯರ ಸಂಘವಂತೂ 16 ತುಂಬುವವರೆಗೆ ಎಟಿವಿಯೇ ಬೇಡ ಅನ್ನುತ್ತದೆ. ಇಲ್ಲಿ ಆ ವಾದ ಬೇಡ, ತಂದವರು ತಂದಾಯಿತು. ಆದರೆ ಇರುವ ಕಡಿವಾಣವನ್ನೂ ಕಿತ್ತುಹಾಕುವುದಾ?

ಹಳೇಜಾವಾ, ಮೈಸೂರು · ಭಾನುವಾರ ಮಧ್ಯಾಹ್ನ 2:40

ಕಬ್ಬಿನಗದ್ದೆಯವರೇ, ಆರು ಸಾವಿರ ಉಳಿಯಿತು ಅನ್ನಿಸುತ್ತಿದೆ. ಸೆಲ್ಫ್ ಸಲೀಸಾಗಿ ತಿರುಗಿದ್ದು ಬ್ಯಾಟರಿಯ ಹೆಚ್ಚುಗಾರಿಕೆ ಅಲ್ಲ. ಒಳಗೆ ಒತ್ತಡ ಇಲ್ಲ, ಅದಕ್ಕೇ ಪಿಸ್ಟನ್‌ಗೆ ತಡೆ ಇಲ್ಲ. ಬೆಳಿಗ್ಗೆ ಇರುವ ಒತ್ತಡ ಬಿಸಿಯಾದ ಮೇಲೆ ಹೋಗುತ್ತಿದೆ. ಹಾಗೆ ಮಾಡುವುದು ಹೆಚ್ಚಾಗಿ ಟ್ಯಾಪೆಟ್, ಅಂದರೆ ವಾಲ್ವಿನ ಸಂದು. ವಾಲ್ವ್ ಬಿಗಿಯಾಗಿದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ 110ರ ಎಂಜಿನ್ ಯಾರೋ ಹೊಸದಾಗಿ ಮಾಡಿದ್ದಲ್ಲ. ಹೋಂಡಾದವರು 1958ರಲ್ಲಿ ಸೂಪರ್ ಕಬ್ ಅಂತ ತಂದರಲ್ಲ, ಮುಂದಕ್ಕೆ ಮಲಗಿದ ಎಂಜಿನ್, ಆ ವಂಶದ್ದು. ನಮ್ಮಲ್ಲಿ ಹೀರೋ ಹೋಂಡಾ ಸ್ಟ್ರೀಟ್ ನೋಡಿದವರಿಗೆ ಗುರುತು ಸಿಗುತ್ತದೆ. ಚೀನಾದಲ್ಲಿ ಅದರದೇ ಅಚ್ಚಿನಲ್ಲಿ ಲೆಕ್ಕವಿಲ್ಲದಷ್ಟು ಮಾಡುತ್ತಾರೆ. ಮೂಲ ವಿನ್ಯಾಸ ಗಟ್ಟಿ. ಕೆಡುವುದು ಅದರ ಸುತ್ತ ಜೋಡಿಸಿದ ಅಗ್ಗದ ವೈರು, ರಬ್ಬರು, ನಟ್ಟು ಬೋಲ್ಟು. ನಿಮ್ಮ ಗಾಡಿಗೆ ಕಂಪನಿ ಹೆಸರು ಬೇಕಿಲ್ಲ. ಎಂಜಿನ್ನಿನ ಎಡಗಡೆ ಕೆಳಗೆ ಕೊರೆದ ಅಕ್ಷರ ನೋಡಿ. 1ಪಿ52ಎಫ್‌ಎಂಎಚ್ ಅಂತಿದ್ದರೆ ಒಂದು ಸಿಲಿಂಡರ್, ಮಲಗಿದ್ದು, 52 ಮಿಲಿಮೀಟರ್ ಬೋರ್, ಗಾಳಿಯಿಂದ ತಣ್ಣಗಾಗುವುದು ಅಂತ ಅರ್ಥ. ಆ ಅಕ್ಷರ ಹೇಳಿದರೆ ಸಾಮಾನು ಸಿಗುತ್ತದೆ.

ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಹೊಸ ಗಾಡಿ ಓಡುತ್ತಾ ಓಡುತ್ತಾ ವಾಲ್ವ್ ತನ್ನ ಸೀಟಿನೊಳಗೆ ಕೂರುತ್ತದೆ, ಸಂದು ಕಡಿಮೆಯಾಗುತ್ತದೆ. ಕಡೆಗೆ ಸೊನ್ನೆ. ತಣ್ಣಗಿರುವಾಗ ಹೇಗೋ ಮುಚ್ಚುತ್ತದೆ. ಬಿಸಿಯಾದಾಗ ವಾಲ್ವಿನ ಕಡ್ಡಿ ಉದ್ದವಾಗಿ, ಪೂರ್ತಿ ಮುಚ್ಚುವುದೇ ಇಲ್ಲ. ಒತ್ತಡ ಸೋರಿ ಗಾಡಿ ಸಾಯುತ್ತದೆ. ಹೊಗೆ ಹೋಗುವ ಕಡೆಯ ವಾಲ್ವ್, ಅಂದರೆ ಕೆಳಗಿನದು, ಜಾಸ್ತಿ ಬಿಸಿ ತಿನ್ನುವುದರಿಂದ ಅದೇ ಮೊದಲು ಹೀಗೆ ಮಾಡುತ್ತದೆ. ಹಾಗೇ ಓಡಿಸುತ್ತಿದ್ದರೆ ವಾಲ್ವ್ ಸುಟ್ಟುಹೋಗುತ್ತದೆ, ಆಗ ನಿಜವಾಗಿಯೂ ಎಂಜಿನ್ ಇಳಿಸಬೇಕು.

ಬೋರ್ ಹೋಗಿದ್ದರೆ ನೀಲಿ ಹೊಗೆ ಬರುತ್ತಿತ್ತು, ಆಯಿಲ್ ಕಡಿಮೆಯಾಗುತ್ತಿತ್ತು. ಬರುತ್ತಿದೆಯಾ?

ಕಬ್ಬಿನಗದ್ದೆ, ಮಂಡ್ಯ · ಭಾನುವಾರ ಮಧ್ಯಾಹ್ನ 3:05

ಹೊಗೆ ಒಂದು ಎಳೆಯೂ ಇಲ್ಲ ಸರ್. ಆಯಿಲ್ ಅಷ್ಟೇ ಇದೆ. ನಾನೇ ಮಾಡಬಹುದಾ? ಟ್ರ್ಯಾಕ್ಟರ್ ಬಿಚ್ಚಿ ಅಭ್ಯಾಸ ಇದೆ, ಇಷ್ಟು ಚಿಕ್ಕದು ಮುಟ್ಟಿಲ್ಲ.

ಹಳೇಜಾವಾ, ಮೈಸೂರು · ಭಾನುವಾರ ಸಂಜೆ 4:10

ಟ್ರ್ಯಾಕ್ಟರ್ ಬಿಚ್ಚಿದವರಿಗೆ ಇದು ಕೈಗಡಿಯಾರ ಅಷ್ಟೇ. ಸಂದು ಅಳೆಯುವ ತೆಳು ಎಲೆಗಳ ಕಟ್ಟು, ಫೀಲರ್ ಗೇಜ್ ಒಂದು ತಂದುಕೊಳ್ಳಿ, 0.05 ಮಿಲಿಮೀಟರ್ ಎಲೆ ಇರಬೇಕು. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಿಗ್ಗೆಯೇ ಮಾಡಿ, ಎಂಜಿನ್ ಪೂರ್ತಿ ತಣ್ಣಗಿರಬೇಕು.

ಪ್ಲಗ್ ತೆಗೆಯಿರಿ. ಹೆಡ್ಡಿನ ಮೇಲೊಂದು ಕೆಳಗೊಂದು ದುಂಡು ಬಿರಡೆ ಇವೆ, ಎರಡನ್ನೂ ಬಿಚ್ಚಿ. ಎಡಗಡೆ ಹೆಡ್ಡಿನ ಪಕ್ಕದ ದುಂಡು ಮುಚ್ಚಳವನ್ನೂ ತೆಗೆಯಿರಿ, ಒಳಗೆ ಕ್ಯಾಮ್ ಚೈನಿನ ಹಲ್ಲುಚಕ್ರ ಕಾಣುತ್ತದೆ. ಮ್ಯಾಗ್ನೆಟ್ ಮುಚ್ಚಳದ ನಡುವಿನ ಬಿರಡೆ ತೆಗೆದು, ಒಳಗಿನ ನಟ್ಟಿಗೆ ಸಾಕೆಟ್ ಹಾಕಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಕಿಟಕಿಯಲ್ಲಿ "ಟಿ" ಗುರುತು ಬರಬೇಕು, ಅದೇ ಸಮಯಕ್ಕೆ ಹಲ್ಲುಚಕ್ರದ ಸಣ್ಣ ಗುಂಡು ಗುರುತು ಹೆಡ್ಡಿನ ಕಚ್ಚಿಗೆ ಎದುರಾಗಬೇಕು. ಬರೀ "ಟಿ" ನೋಡಿ ಮೋಸ ಹೋಗಬೇಡಿ. ಅದು ಎರಡು ಸುತ್ತಿಗೆ ಎರಡು ಸಲ ಬರುತ್ತದೆ, ಒಂದು ಮಾತ್ರ ಸರಿ. ರಾಕರ್ ಅಲ್ಲಾಡಿಸಿ ಗುರುತಿಸುವ ಪದ್ಧತಿ ಇದೆಯಲ್ಲ, ಅದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಬಿಗಿಯಾದ ರಾಕರ್ ಎಲ್ಲೂ ಅಲ್ಲಾಡುವುದಿಲ್ಲ.

ಆಮೇಲೆ ಒಂಬತ್ತರ ಸ್ಪ್ಯಾನರಿನಲ್ಲಿ ಲಾಕ್‌ನಟ್ ಸಡಿಲಿಸಿ, ನಡುವಿನ ಸ್ಕ್ರೂ ಹಿಂದಕ್ಕೆ ಬಿಟ್ಟು, ಎಲೆ ತೂರಿಸಿ. ಎಳೆದರೆ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸ್ವಲ್ಪ ಹಿಡಿಯಬೇಕು. ಲಾಕ್‌ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಅನುಭವ ಇರುವವರೂ ತಪ್ಪುವುದು ಇಲ್ಲೇ.

ಮದ್ದೂರ್ ಟಿಫನ್ · ಭಾನುವಾರ ರಾತ್ರಿ 8:25

ಟ್ಯಾಪೆಟ್ ಕಥೆ ಚೆನ್ನಾಗಿದೆ. ಆದರೆ ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ನಿಂತೇ ಇದ್ದ ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಕಾರ್ಬೊರೇಟರ್ ನೋಡಿ. ನನ್ನ ಮಗನದು ಪರೀಕ್ಷೆ ಅಂತ ಮೂರು ತಿಂಗಳು ನಿಂತಿತ್ತು. ಆಮೇಲೆ ಚೋಕ್ ಹಾಕಿದರೆ ಮಾತ್ರ ಓಡುತ್ತಿತ್ತು, ತೆಗೆದರೆ ಡಬ್ ಅಂತ ನಿಲ್ಲುತ್ತಿತ್ತು. ಬಟ್ಟಲು ಬಿಚ್ಚಿದರೆ ತಳದಲ್ಲಿ ಹಳದಿ ಅಂಟು, ಒಳ್ಳೆ ಬೆಲ್ಲದ ಪಾಕ ತಳಹಿಡಿದ ಹಾಗೆ. ಐಡ್ಲಿಂಗ್ ಜೆಟ್ಟಿನ ತೂತು ಮುಚ್ಚಿಹೋಗಿತ್ತು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಇ20ಯನ್ನು, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು, 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಅಗ್ಗದ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಕಬ್ಬು ಬೆಳೆಯುವವರು ನಾವು, ಆ ಕಬ್ಬೇ ತಿರುಗಿ ಬಂದು ನಮ್ಮ ಕಾರ್ಬೊರೇಟರ್ ಕಟ್ಟುತ್ತಿದೆ, ಯಾರನ್ನು ಬೈಯೋದು?

ನಾನು ಮಾಡುವುದಿಷ್ಟು. ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಗಾಡಿ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಬಟ್ಟಲಲ್ಲಿ ಉಳಿದ ಹನಿಯನ್ನೂ ಕೆಳಗಿನ ಸ್ಕ್ರೂನಿಂದ ಇಳಿಸುತ್ತೇನೆ. ಜೆಟ್ ಮುಚ್ಚಿದ್ದರೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ. ಪಿನ್ನು, ಸೇಫ್ಟಿ ಪಿನ್ನು ತೂರಿಸಬೇಡಿ. ಹಿತ್ತಾಳೆಯ ತೂತು ದೊಡ್ಡದಾದರೆ ಮುಗಿಯಿತು. ಸ್ವಚ್ಛ ಮಾಡಿದರೂ ಚೋಕ್ ಕೇಳುತ್ತಿದ್ದರೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಓ-ರಿಂಗ್ (ರಬ್ಬರ್ ಉಂಗುರ) ನೋಡಿ. ಅಲ್ಲಿ ಗಾಳಿ ಎಳೆದರೂ ಇದೇ ರೋಗ.

ವೈರ್ ವೆಂಕಣ್ಣ, ಮೈಸೂರು · ಭಾನುವಾರ ರಾತ್ರಿ 9:50

ಕರೆಂಟ್ ಇಲ್ಲದ ಗಾಡಿಗಳ ಬಗ್ಗೆ ನಾನು ಸೇರಿಸುತ್ತೇನೆ. ನನ್ನ ಹತ್ತಿರ ಬಂದ "ಸಿಡಿಐ ಹೋಗಿದೆ" ಗಾಡಿಗಳಲ್ಲಿ ಬಹಳಷ್ಟಕ್ಕೆ ಸಿಡಿಐ ಚೆನ್ನಾಗಿಯೇ ಇತ್ತು. ಈ ಗಾಡಿಗಳಿಗೆ ಆಫ್ ಮಾಡುವ ಜಾಗಗಳೇ ಜಾಸ್ತಿ. ಕೀ ಒಂದು, ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್ ಒಂದು, ಹಿಂದೆ ಹಗ್ಗ ಕಟ್ಟಿದ ಕ್ಯಾಪ್ ಒಂದು, ಕೆಲವಕ್ಕೆ ರಿಮೋಟ್ ಬೇರೆ. ಯಾವುದಾದರೂ ಒಂದರಲ್ಲಿ ಕೆಸರು ನೀರು ಹೋದರೂ ಕಿಡಿ ಬಂದ್.

ಹೆಚ್ಚಿನ ಎಸಿ ಸಿಡಿಐ ಗಾಡಿಗಳಲ್ಲಿ ಕಪ್ಪು ಮೈಗೆ ಬಿಳಿ ಗೆರೆ ಇರುವ ವೈರೇ ಆಫ್ ಮಾಡುವ ವೈರು. ಸಿಡಿಐ ಹತ್ತಿರ ಅದನ್ನೊಂದನ್ನೇ ಬಿಡಿಸಿ ನೋಡಿ. ಕಿಡಿ ಬಂದರೆ ಸಿಡಿಐ, ಕಾಯಿಲ್ ಎರಡೂ ಸರಿ, ತೊಂದರೆ ಸ್ವಿಚ್ಚಿನದು. ಆದರೆ ಇದು ಪರೀಕ್ಷೆಗೆ ಮಾತ್ರ. ಹಾಗೇ ಬಿಟ್ಟು ಮಗುವಿಗೆ ಕೊಡುವವರನ್ನು ನೋಡಿದ್ದೇನೆ. ಕೀ ತಿರುಗಿಸಿದರೂ ಆಫ್ ಆಗದ ಗಾಡಿ ಅದು. ಹಿಂದಿನ ಹಗ್ಗದ ಕ್ಯಾಪ್ ಅಂತೂ ನೀವು ಹಿಂದೆ ಓಡುತ್ತಾ ಎಳೆದು ನಿಲ್ಲಿಸಲು ಇಟ್ಟದ್ದು, ಅದನ್ನು ಸರಿ ಮಾಡಿಸಿಯೇ ಕೊಡಿ.

ಸೆಲ್ಫ್ ಹೊಡೆದರೆ ಏನೂ ಇಲ್ಲವಾ? ಬ್ರೇಕ್ ಹಿಡಿದು ಹೊಡೆದಿರಾ? ನಗಬೇಡಿ, ಬ್ರೇಕ್ ಹಿಡಿಯದೆ ಸೆಲ್ಫ್ ಆಗದ ಹಾಗೆ ಮಾಡಿರುತ್ತಾರೆ. ಲಿವರ್ ಬುಡದ ಸಣ್ಣ ಸ್ವಿಚ್ ಕೆಟ್ಟರೂ ಸೆಲ್ಫ್ ಸತ್ತಂತೆ. "ಟಿಕ್" ಅಂತ ಮಾತ್ರ ಬಂದರೆ ಬ್ಯಾಟರಿ ಅಥವಾ ಅರ್ಥಿಂಗ್. ಸುಮ್ನೆ ನಿಂತಾಗ 12.6 ವೋಲ್ಟ್, ಓಡುವಾಗ ಸುಮಾರು 14 ಇರಬೇಕು. ಅರ್ಥ್ ವೈರನ್ನು ಎಷ್ಟೋ ಸಲ ಪೇಂಟ್ ಮೇಲೇ ಬೋಲ್ಟ್ ಮಾಡಿರುತ್ತಾರೆ. ಬಿಚ್ಚಿ, ಪೇಂಟ್ ಹೆರೆದು, ಬಿಗಿ ಮಾಡಿ.

ಕಬ್ಬಿನಗದ್ದೆ, ಮಂಡ್ಯ · ಸೋಮವಾರ ಬೆಳಿಗ್ಗೆ 9:35

ಹಳೇಜಾವಾ ಸರ್, ನಿಮಗೆ ದೊಡ್ಡ ನಮಸ್ಕಾರ!

ಬೆಳಿಗ್ಗೆ ಆರಕ್ಕೇ ಕೂತೆ. ಮೇಲಿನ ವಾಲ್ವಿಗೆ ಎಲೆ ಹಿಡಿದು ಹಿಡಿದು ಹೋಯಿತು. ಕೆಳಗಿನದಕ್ಕೆ ಕೈ ಹಾಕಲು ನೆಲದ ಮೇಲೆ ಮಲಗಬೇಕಾಯಿತು. ಅಲ್ಲಿ 0.05 ಅಲ್ಲ, ಗೇಜಿನ ಅತ್ಯಂತ ತೆಳುವಾದ ಎಲೆಯೂ ಹೋಗಲಿಲ್ಲ. ಒಂಚೂರೂ ಸಂದಿಲ್ಲ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಹಿಂದಕ್ಕೆ ಬಿಟ್ಟೆ, ಅಷ್ಟೇ. ಬಿಗಿ ಮಾಡಿ ಅಳೆದರೆ ನೀವು ಹೇಳಿದ ಹಾಗೇ ಮತ್ತೆ ಬಿಗಿಯಾಗಿತ್ತು. ಮೂರನೇ ಸಲಕ್ಕೆ ಸರಿಯಾಯಿತು. ಮಗ ಟಾರ್ಚ್ ಹಿಡಿದಿದ್ದ, ಅವನಿಗೆ ಸ್ಕೂಲ್ ಬಸ್ ತಪ್ಪಿತು, ಅದಕ್ಕೆ ಮನೆಯಲ್ಲಿ ಬೈಗುಳ ಬೇರೆ.

ನಾನೇ ಓಡಿಸಬಾರದು ಅಂತ ಗೊತ್ತು, ನನ್ನ ತೂಕ ಎಂಬತ್ತು. ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರ ಎತ್ತಿ ಇಪ್ಪತ್ತೈದು ನಿಮಿಷ ಐಡ್ಲಿಂಗಲ್ಲಿ ಬಿಟ್ಟೆ. ನಿಲ್ಲಲಿಲ್ಲ. ಆಫ್ ಮಾಡಿ ಬಿಸಿಯಲ್ಲೇ ಸೆಲ್ಫ್ ಹೊಡೆದೆ, "ರುಯ್ಂ... ರುಯ್ಂ" ಅಂತ ದಮ್ಮು ಕಟ್ಟಿ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿ ಇಷ್ಟು ಖುಷಿಯಾಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಆದರೆ ಚಕ್ರ ಎತ್ತಿದಾಗ ಇನ್ನೊಂದು ಕಂಡಿತು. ಹಿಂದಿನ ಬಲ ಚಕ್ರ ಅಲ್ಲಾಡುತ್ತಿದೆ. ನಡುವಿನ ದೊಡ್ಡ ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇರಬೇಕಾದ ತೂತಿನಲ್ಲಿ ಯಾರೋ ಒಂದು ಮೊಳೆ ಬಾಗಿಸಿ ಇಟ್ಟಿದ್ದಾರೆ. ಮರಕ್ಕೆ ಹೊಡೆಯುವ ಮೊಳೆ! ಅದೂ ಅರ್ಧ ಸವೆದಿದೆ.

ಹಳೇಜಾವಾ, ಮೈಸೂರು · ಸೋಮವಾರ ಬೆಳಿಗ್ಗೆ 10:20

ಟ್ಯಾಪೆಟ್ ಮಾಡಿದ್ದಕ್ಕೆ ಶಭಾಷ್. ಆದರೆ ಈ ಮೊಳೆ ನೋಡಿ ನನಗೆ ಎದೆ ಝಲ್ ಅಂದಿತು. ಎಂಜಿನ್ ನಿಂತರೆ ಹುಡುಗ ನಡೆದು ಮನೆಗೆ ಬರುತ್ತಾನೆ. ಚಕ್ರ ಕಳಚಿದರೆ?

ಇವತ್ತೇ ನಾಲ್ಕೂ ಚಕ್ರ ನೋಡಿ. ಕಿರೀಟದ ಥರ ಕಚ್ಚು ಇರುವ ನಟ್ಟು ಬಿಗಿ ಮಾಡಿ, ತೂತಿಗೆ ಸರಿಯಾದ ಹೊಸ ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಮಡಚಿ. ಒಮ್ಮೆ ತೆಗೆದ ಪಿನ್ ಮತ್ತೆ ಹಾಕಬೇಡಿ. ಬಿಗಿ ಮಾಡಿದ ಮೇಲೂ ಅಲ್ಲಾಡಿದರೆ ಹಬ್ಬಿನ ಒಳ ಹಲ್ಲು ಸವೆದಿದೆ ಅಥವಾ ಆಕ್ಸಲ್ ಬೇರಿಂಗ್ ಹೋಗಿದೆ. ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ, ಅದೇ ನಂಬರಿನದು ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುತ್ತದೆ.

ಹಾಗೆಯೇ ಹ್ಯಾಂಡಲ್ ಕಂಬದ ಬೋಲ್ಟು, ಟೈ ರಾಡ್ ತುದಿಗಳು, ಬ್ರೇಕ್ ಕ್ಯಾಲಿಪರಿನ ಎರಡು ಬೋಲ್ಟು. ಅಗ್ಗದ ಗಾಡಿಯನ್ನು ಪೆಟ್ಟಿಗೆಯಿಂದ ತೆಗೆದು ಜೋಡಿಸುವವರು ಕೈಬಿಗಿ ಮಾಡಿ ಕಳಿಸುತ್ತಾರೆ. ಒಂದೊಂದನ್ನೇ ಬಿಚ್ಚಿ ನೀಲಿ ಲಾಕ್‌ಟೈಟ್ (ಬೋಲ್ಟು ಸಡಿಲವಾಗದ ಹಾಗೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿ ಮಾಡಿ. ಕೆಂಪು ಬೇಡ, ಆಮೇಲೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ.

ಎಂಜಿನ್ ಆಫ್ ಇರುವಾಗ ಹೆಬ್ಬೆರಳ ಥ್ರಾಟಲ್ ಒತ್ತಿ ಬಿಡಿ. ಟಪ್ ಅಂತ ವಾಪಸ್ ಬರಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ನೋಡಿ. ತೇಲಿಕೊಂಡು ನಿಧಾನಕ್ಕೆ ಬಂದರೆ ಕೇಬಲ್ ಬದಲಾಯಿಸುವವರೆಗೆ ಕೀ ನಿಮ್ಮ ಜೇಬಲ್ಲೇ ಇರಲಿ.

ಪಾಂಡವಪುರ ಪ್ಯಾಸೆಂಜರ್ · ಸೋಮವಾರ ಬೆಳಿಗ್ಗೆ 11:05

ಚಕ್ರದ ಮಾತು ಬಂದಿದ್ದರಿಂದ ಹೇಳುತ್ತೇನೆ, ಗಾಳಿ ಎಷ್ಟಿದೆ ನೋಡಿ ಅಣ್ಣ. ಬಂಕಿನ ಹುಡುಗ ಸ್ಕೂಟರ್ ಅಂದುಕೊಂಡು 30 ಹೊಡೆದುಬಿಡುತ್ತಾನೆ. ಈ ದಪ್ಪ ಟೈರಿಗೆ ಬೇಕಿರುವುದು ಬಹಳ ಕಡಿಮೆ, ನಮ್ಮದರ ಮೇಲೆ 5 ಪಿಎಸ್‌ಐ ಅಂತ ಅಚ್ಚು ಹಾಕಿದೆ. ಜಾಸ್ತಿಯಾದರೆ ಚೆಂಡಿನ ಹಾಗೆ ಪುಟಿಯುತ್ತದೆ, ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ನಾವು ಸೈಕಲ್ ಪಂಪಿನಲ್ಲೇ ಹೊಡೆಯುತ್ತೇವೆ.

ಚೈನ್ ಪದೇ ಪದೇ ಕಳಚುತ್ತಿದ್ದರೆ ಬರೀ ಬಿಗಿ ಮಾಡಬೇಡಿ. ಹಿಂದಿನ ಹಲ್ಲುಚಕ್ರಕ್ಕೆ ಒಂದು ಸ್ಕೇಲ್ ಒತ್ತಿ ಹಿಡಿದು, ಮುಂದಿನದಕ್ಕೆ ನೇರ ಇದೆಯಾ ನೋಡಿ. ನಮ್ಮದು ಅರ್ಧ ಬೆರಳು ಓರೆ ಇತ್ತು.

ನಂಜನಗೂಡು ರಸಬಾಳೆ · ಸೋಮವಾರ ಮಧ್ಯಾಹ್ನ 12:30

ಕಬ್ಬಿನಗದ್ದೆಯವರೇ, ರಿಪೇರಿ ಆದ ಖುಷಿಗೆ ಊರ ಟಾರ್ ರೋಡಿಗೆ ಮಾತ್ರ ಇಳಿಸಬೇಡಿ. ಇವಕ್ಕೆ ಆರ್‌ಸಿ ಇಲ್ಲ, ನಂಬರ್ ಇಲ್ಲ, ಇನ್ಶೂರೆನ್ಸ್ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಚಿಕ್ಕ ಮಕ್ಕಳು ಓಡಿಸಿ ಸಿಕ್ಕಿಬಿದ್ದರೆ ಹೊಣೆ ಅಪ್ಪ ಅಮ್ಮನದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಅಂತ 199ಎ ಕಲಮಿನಲ್ಲಿದೆ. ಗದ್ದೆಯಿಂದ ಗದ್ದೆಗೆ ದಾಟುವಾಗಲೂ ತಳ್ಳಿಕೊಂಡು ದಾಟಿಸಿ.

ಸ್ಪೀಡ್ ಸಿದ್ದ · ಸೋಮವಾರ ಮಧ್ಯಾಹ್ನ 1:10

ಮೊಳೆ ವಿಷಯ ಓದಿ ನಮ್ಮ ತಮ್ಮನ ಗಾಡಿ ಎತ್ತಿ ನೋಡಿದೆ. ಒಂದು ಚಕ್ರಕ್ಕೆ ಪಿನ್ನೇ ಇಲ್ಲ ಗುರೂ. ಹಾಕಿಸಿದೆ. ಸೈಲೆನ್ಸರ್ ವಾಷರ್ ಬಗ್ಗೆ ನಾನು ಹೇಳಿದ್ದನ್ನು ಬಿಟ್ಟಾಕಿ.

ಬೋಗಾದಿ ಅಮ್ಮ · ಗುರುವಾರ ಸಂಜೆ 6:15

ಹಗ್ಗದ ಡಬ್ಬಿ ಬಂತು, ಹಾಕಿದೆವು, ಎರಡನೇ ಎಳೆತಕ್ಕೆ ಸ್ಟಾರ್ಟ್. ಕೊಕ್ಕೆ ಎರಡೂ ಮುರಿದಿದ್ದವು. ಮುರಿದದ್ದನ್ನು ನಮ್ಮನೆಯವರಿಗೆ ಕಾಣುವ ಹಾಗೆ ಫ್ರಿಜ್ ಮೇಲೆ ಇಟ್ಟಿದ್ದೇನೆ.

ಕಬ್ಬಿನಗದ್ದೆ, ಮಂಡ್ಯ · ಭಾನುವಾರ ಸಂಜೆ 5:50

ಹೊಸ ಸ್ಪ್ಲಿಟ್ ಪಿನ್ ನಾಲ್ಕು, ಬಲಗಡೆ ಒಂದು ಬೇರಿಂಗ್, ಗಾಳಿ 5. ಮಗ ಇವತ್ತು ನಲವತ್ತು ನಿಮಿಷ ಓಡಿಸಿದ, ಒಂದು ಸಲವೂ ನಿಲ್ಲಲಿಲ್ಲ. ಒಂದೇ ಒಂದು ಕೊನೆಯ ಪ್ರಶ್ನೆ ಸರ್: ಆಯಿಲ್ ಯಾವುದು, ಎಷ್ಟು?

ಹಳೇಜಾವಾ, ಮೈಸೂರು · ಭಾನುವಾರ ಸಂಜೆ 6:30

ಬೈಕಿನ 20ಡಬ್ಲ್ಯೂ-40 ಸಾಕು, ಸುಮಾರು 800ರಿಂದ 900 ಎಂಎಲ್ ಹಿಡಿಯುತ್ತದೆ. ಕಾರಿನ ಆಯಿಲ್ ಬೇಡ, ಕ್ಲಚ್ ಇದೇ ಆಯಿಲಿನಲ್ಲಿ ಮುಳುಗಿದೆ, ಜಾರುತ್ತದೆ. ಅಳೆಯುವಾಗ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡದೆ ಸುಮ್ನೆ ಇಳಿಸಿ ನೋಡಿ. ಇದಕ್ಕೆ ಕಾಗದದ ಫಿಲ್ಟರ್ ಇಲ್ಲ, ಬರೀ ಜಾಲರಿ. ಹಾಗಾಗಿ ಆಯಿಲ್ ಬೇಗ ಬೇಗ ಬದಲಾಯಿಸಿ. ಟ್ಯಾಪೆಟ್ ಇನ್ನೊಂದು ತಿಂಗಳಿಗೆ ಮತ್ತೆ ಅಳೆಯಿರಿ, ವಾಲ್ವ್ ಇನ್ನೂ ಸ್ವಲ್ಪ ಕೂರಬಹುದು.

ಕಬ್ಬಿನಗದ್ದೆ, ಮಂಡ್ಯ · ಭಾನುವಾರ ಸಂಜೆ 6:41

ಆಗಲಿ ಸರ್. ಪಾಂಡವಪುರದವರೇ, ಫೀಲರ್ ಗೇಜ್ ನನಗಿನ್ನು ಒಂದು ತಿಂಗಳು ಬೇಡ. ನಿಮ್ಮ ಅಣ್ಣನ ಮಗಳ ಗಾಡಿಗೆ ಬೇಕಿದ್ದರೆ ಬಂದು ತಗೊಂಡು ಹೋಗಿ. ಆಲೆಮನೆ ನಡೆಯುತ್ತಿದೆ, ಬಿಸಿ ಬೆಲ್ಲವೂ ಸಿಗುತ್ತದೆ. ಆ ಮೊಳೆಯನ್ನು ಬೀರುವಲ್ಲಿ ಇಟ್ಟಿದ್ದೇನೆ, ಭಾವ ಮತ್ತೆ ಬಂದಾಗ ತೋರಿಸಬೇಕು.